ಎಂಟು ತೂತಿನ ಡಬ್ಬಿ

ಅಲ್ಲಪಾ ಜಹೀರ, ನಾ ಏನ ಕೇಳಾಕತ್ತೇನಿ, ನೀ ಏನ ತೋರಸಾಕತ್ತಿ? ನನಗ ಗಾಳ್ಯಾಗ ಬರೂ ನೆಟ್ ಬ್ಯಾಡ. ವಾಯರಿಂದು ಬೇಕು. ಕುಂದರು ಮದಲ, ಮಜ್ಜಿಗಿ ಕುಡಿ. ಗೋಳಗುಮ್ಮಟದ ಅಂಗಡಿಯಿಂದ ಇಬ್ರಾಹಿಂಪುರಕ್ಕ ಈ ಬಿಸಲಾಗ ಬಂದಿ, ರೈಲ್ವೆ ಗೇಟ ಬ್ಯಾರೆ ಹಾಕಿರಬೇಕು. ಕುಡಿ, ಕುಡಿ. ಮೊಸರ ಗಡಗಿ ತುಂಬಿ ತುಳಕಾಕತ್ತೈತಿ.

ಯಾಕ ನಗತಿ? ಗೌರಾಬಾಯಿಗೆ ಇದೆಲ್ಲಾ ಏನ ತಿಳೀತೈತಿ ಅಂತೇನ? ರೂಟರ್ ಅಂದ್ರ ಹೊರಗಿಂದ ಬಂದ ನೆಟ್ ಮನಿಗೆ ಹಂಚೂದು. ಸ್ವಿಚ್ ಅಂದ್ರ ತೂತ ಸಾಲದಾಗ ತೂತ ಹೆಚ್ಚ ಮಾಡೂದು. ಇಷ್ಟ ಹೌದಿಲ್ಲೋ? ಇದನ್ನ ಕಲಿಯಾಕ ನೀ ಮೂರ ವರ್ಷ ಡಿಪ್ಲೊಮಾ ಮಾಡೀದಿ.

ಆ ನಾಕ ಕೋಡಿನ ರೂಟರ್ ಒಳಗ ಇಡು. ನನ್ನ ತವರೂರು ಕಳ್ಳಕವಟಗ್ಯಾಗ ನಮ್ಮಪ್ಪನ ಟಗರಿಗೆ ಎರಡ ಕೋಡ ಇದ್ದೂ, ಅದಕ್ಕ ಊರ ಮಂದಿ ಅಂಜತಿದ್ರು. ಕೋಡ ಇಲ್ಲದ್ದು ಕೊಡು. ಬರೇ ತೂತ ಇರಲಿ.

ವೈಫೈ ಯಾಕ ಬ್ಯಾಡಂದ್ರ... ಪಾಸ್‌ವರ್ಡಿಂದ ತಂಟೆ. ವೈಫೈ ಅಂದ್ರ ಹೆಪ್ಪು ಇದ್ದಂಗ. ಮೊಸರ ಮಾಡಾಕ ಚೂರ ಹೆಪ್ಪು ಕೊಡವ್ವಾ ಅಂತ ಬಂದವ್ರಿಗೆ ಇಲ್ಲ ಅನ್ನಾಕ ಬಾಯಿ ಬರೂದಿಲ್ಲ. ಬಾಜೂ ಮನಿ ಸುವರ್ಣಾ ಇಲ್ಲೇನ, ನಮ್ಮ ಮೈದುನನ ಹೇಂತಿ? ಆಕಿ ಮನ್ಯಾಗ ಮೊಬೈಲಿಗೆ ಒಂದ ಕಡ್ಡಿ ಸಿಗ್ನಲ್ ಬರೂದಿಲ್ಲ. ಎರಡ ವರ್ಷ ಗಂಡ, ಹೇಂತಿ, ಮಗಳು ಭಾಗ್ಯಾ, ಮೂರೂ ಮಂದಿ ನನ್ನ ವೈಫೈದಾಗ ಮಿಂದು ಎದ್ದಾರ. ನಾ ಒಂದ ಮಾತ ಅಂದಿಲ್ಲ. ಮನಸ ದೊಡ್ಡದ ನಂದು. ...ಸಾವಕಾಶ ಕುಡಿಯೋ, ನೆತ್ತಿಗೆ ಹತ್ತೀತು.

ಈಗ ಕೇಳು. ಪಡಸಾಲಿ ಟಿವಿಗೆ ಒಂದ ವಾಯರ್. ಮ್ಯಾಲಿನ ಖೋಲ್ಯಾಗ ಸೊಸಿ ಕಂಪ್ಯೂಟರಿಗೆ ಒಂದು, ಪಾಪ, ಸಿಗ್ನಲಿಗಂತ ಮೊಬೈಲ್ ಹಿಡಕೊಂಡು ಮಾಳಗಿ ಮ್ಯಾಲ ಕುಂದರತಾಳ ಆಕಿ. ಗೇಟಿನ ಕ್ಯಾಮೆರಾಕ್ಕ ಒಂದು. ...ಗೊತ್ತೈತಿ, ಗೊತ್ತೈತಿ. ರೂಟರಿಗೇ ನಾಕ ತೂತ ಇರ್ತಾವ, ಸ್ವಿಚ್ ಯಾಕ ಅಂತಿ. ಇರಲಿ. ಎಂಟ ತೂತಿನ ಡಬ್ಬೀನ ಬೇಕು ನನಗ. ಗಿಗಾಬಿಟ್ ಹಾಕು, ಜೋರ ಓಡಲಿ, ನೂರರದ್ದು ಬ್ಯಾಡ. ನಡಬರಕ ಕಟ್ಟ ಆಗಬಾರದು. ಹಾಕೂದು ಅಡಗಿಮನ್ಯಾಗ.

ಹಂಗ್ಯಾಕ ನೋಡ್ತಿ? ಒಲಿ ಮ್ಯಾಲ ಇಡು ಅನ್ನಾಕತ್ತಿಲ್ಲ. ಆ ಕಿಡಕಿ ಬಾಜೂ. ಮತ್ತ ಅಲ್ಲಿ ಒಂದ ಇಪ್ಪತ್ತ ಮೀಟರ್ ವಾಯರ್ ಸುತ್ತಿ ಇಡು. ಸುಮ್ಮ. ಮನಿ ಅಂದಮ್ಯಾಲ ವಾಯರ್ ಬೇಕಾಗ್ತೈತಿ.

ಏ, ಅದನ್ಯಾಕ ಮುಟ್ಟತಿ? ಹಳೇ ರೂಟರ್ ಅದು. ಕೆಟ್ಟೈತಿ ಅಂದೆನಲ್ಲ, ಎರಡ ತಿಂಗಳಾತು. ಸತ್ತದ್ದಕ್ಕ ಪ್ಲಗ್ ಚುಚ್ಚಿ ಏನ ಮಾಡ್ತಿ... ಬಿಡು. ಬಿಡಂತೀನಿ.

...ಹತ್ತೇ ಬಿಟ್ಟೂ ನೋಡು. ಹಸರ ದೀಪ. ನಾಕೂ.

ದೀಪ ನೋಡತಿ, ನನ್ನ ಮಾರಿ ನೋಡತಿ. ನಿನಗ ನೆನಪ ಬಂದೈತಿ, ಹೌದಿಲ್ಲೋ? ಎರಡ ತಿಂಗಳ ಹಿಂದ ಒಂದಿನ ಸಂಜಿಮುಂದ ನಿನಗ ಫೋನ ಹಚ್ಚಿದ್ದೆ. ಪಾಸ್‌ವರ್ಡ್ ಹೆಂಗ ಬದಲಿ ಮಾಡೂದು ಹೇಳು ಅಂದಿದ್ದೆ. ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊರಗ ಕೊಡಬಾರದು, ಹಂಗ ಇದೂ ಅಂದೆ. ನೀ ನಕ್ಕಿ.

ಹೆಪ್ಪೂ ಇಲ್ಲ ಶಾಸ್ತ್ರಾನೂ ಇಲ್ಲ. ನನ್ನ ಸೀರಿಯಲ್ ನೆಟ್ ಸಾಲದ ಗಿರಗಿರ ತಿರಗಾಕತ್ತಿತ್ತು, ಅಷ್ಟ. ಆಚಿ ಮನ್ಯಾಗ ಭಾಗ್ಯಾ ನರ್ಸ್ ನೌಕರಿಗೆ ವಿಡಿಯೋದಾಗ ಇಂಟರ್‌ವ್ಯೂ ಕೊಡಾಕತ್ತಿದ್ಲು. ನನಗ ಗೊತ್ತಿತ್ತು. ದೊಡ್ಡವ್ವಾ, ಇವತ್ತ ಏಳಕ್ಕ ಐತಿ, ಅಂತ ಮುಂಜಾನೆ ಬಂದು ಹೇಳಿ ಹೋಗಿದ್ಲು ಹುಡುಗಿ. ನಾ ಪಾಸ್‌ವರ್ಡ್ ಬದಲಿ ಮಾಡಿ ಟಿವಿಗಷ್ಟ ಹೊಸಾದು ಹಾಕಿದೆ, ಆಕಿದು ಅರ್ಧಕ್ಕ ಕಟ್ಟಾತು. ಸುವರ್ಣಾ ಓಡಿ ಬಂದ್ಲು. ರೂಟರ್ ಕೆಟ್ಟೈತಿ ಅಂದೆ. ಆಕಿ ಟಿವಿ ಕಡೆ ನೋಡಿದ್ಲು. ಟಿವ್ಯಾಗ ಸೀರಿಯಲ್ ನಡದಿತ್ತು.

ಹಂಗ ಹೊಳ್ಳಿ ಹೋದ್ಲು. ಸುಳ್ಳನ್ನ ಖರೇ ಮಾಡಬೇಕಂತ ನಾನೂ ರೂಟರ್ ಕಿತ್ತಿಟ್ಟೆ. ಸೀರಿಯಲ್ಲಿನ ಸೊಸಿ ಈಗ ಬದಕ್ಯಾಳೋ ಸತ್ತಾಳೋ ನನಗ ತಿಳೀದು. ಆ ಕಿಡಕ್ಯಾಗ ಸುವರ್ಣಾನ ಹೆಪ್ಪಿನ ಬಟ್ಟಲ ಬಂದಿಲ್ಲ ಆವತ್ತಿಂದ. ಗಡಗಿ ಯಾಕ ತುಂಬೈತಿ ಅಂತ ಮಾಡೀದಿ?

ಸೋಮವಾರ ಭಾಗ್ಯಾನ್ನ ಮತ್ತೊಮ್ಮೆ ಕೇಳ್ತಾರಂತ, ಬ್ಯಾರೆ ದವಾಖಾನಿಯವ್ರು. ಕಿಡಕಿಗೆ ಕಿವಿ ಹಚ್ಚಿ ಕೇಳೇನಿ, ಹೌದು. ವೈಫೈ ಆದ್ರ ಪಾಸ್‌ವರ್ಡ್ ಆಕಿ ಕೇಳಬೇಕು, ನಾ ಹೇಳಬೇಕು. ಆಕಿ ಕೇಳೂದಿಲ್ಲ. ಹೇಳಾಕ ನನಗ ಮಾರಿ ಇಲ್ಲ. ವಾಯರಿಗೆ ಈ ತ್ರಾಸ ಇಲ್ಲ, ಭಾಗ್ಯಾನ ಕಂಪ್ಯೂಟರಿಗೆ ಚುಚ್ಚಿದರ ಮುಗೀತು. ಈ ಕಿಡಕ್ಯಾಗಿಂದ ಆಚಿ ಕಿಡಕಿಗೆ ಎಳದು ಕೊಟ್ಟ ಬಾ. ಕೇಳಿದ್ರ, ವಾಯರ್ ಉಳದಿತ್ತು ಅನ್ನು.

...ಯಾಕ ಏಳವಲ್ಲಿ? ನಾನ ಹೇಳಬೇಕೇನ? ನನ್ನ ಕಡಿಂದ ಆಗೂದಿಲ್ಲಪಾ. ಹಂಗ ನೋಡಬ್ಯಾಡ. ನಿಮ್ಮವ್ವ ಪೀರಾಂಬಿನೂ ಥೇಟ್ ಹಿಂಗ ನೋಡ್ತಾಳ, ಬಾಯಿ ಬಿಡಸೂತನಕ.

ಆತು, ಮಾರಾಯಾ. ಸರಿ ಅತ್ತಾಗ, ಕಿಡಕಿ ತಗೀತೇನಿ.

ಸುವರ್ಣಾ... ಏ ಸುವರ್ಣಾ. ನಾನಬೇ, ಗೌರಾ. ...ಒಂದ ಚಮಚ ಹೆಪ್ಪು ಐತೇನ ನಿಮ್ಮನ್ಯಾಗ?

ನಗಬ್ಯಾಡಲೇ ಜಹೀರ. ಆ ಗಡಗಿ ಮ್ಯಾಲ ತಾಟ ಮುಚ್ಚು, ಬರಾಕತ್ಯಾಳ.