ತೊಟ್ಟಿಲ ಹಿಂದಿನ ಗಂಗಾಳ

...ಅಲ್ರಿ ಅಕ್ಕಾರ, ಮಾತಾಡೂದನ್ನೂ ಒಬ್ಬರ ಕಡೆ ಕಲೀಬೇಕೇನ್ರಿ ನಾವು? ಕುಂಡ್ರಿ, ಕುಂಡ್ರಿ. ನೀಲಕ್ಕ ಬರೂದು ಹೊತ್ತಾಗತೈತಿ. ಮೆಣಸಿನಕಾಯಿ ಹೊಲಕ್ಕ ಕಸ ತಗ್ಯಾಕ ಹೋಗ್ಯಾಳ. ಕೂಸನ್ನೂ ಕರಕೊಂಡು ಹೋಗ್ಯಾಳ, ಹೊಲದಾಗೂ ಮಾತು ಕಲಸಬೇಕಂತ. ನಿಮ್ಮ ಫಾರ್ಮ್ ನಾನ ತುಂಬಸ್ತೀನಿ. ಈ ಮನ್ಯಾಗ ಸೊಸಿಗೆ ಗೊತ್ತಿದ್ದು ಅತ್ತಿಗೆ ಗೊತ್ತಿಲ್ಲದ್ದು ಒಂದೂ ಇಲ್ಲ.

ನಗಬ್ಯಾಡ್ರಿ. ನೀವು ಆ ಕಿವಿ ಕೇಳಸೂ ಪೆಟಿಗಿ ಕೊಟ್ಟು ಹೋದ ದಿನದಿಂದ ಈ ಮನ್ಯಾಗ ಒಂದ ಘಳಿಗಿ ಬಾಯಿ ಬಂದ್ ಇಲ್ಲ. ಕೂಸಿನ ಎದಿಮ್ಯಾಲೆ ಪೆಟಿಗಿ, ಪೆಟಿಗಿಯಿಂದ ಕಿವಿಗೆ ವಾಯರು, ಅದರ ಮುಂದ ಕುಕ್ಕರಗಾಲಲೆ ಕುಂತು ನೀಲಕ್ಕನ ಪುರಾಣ. 'ಬಸಲಿಂಗೀ, ನನ್ನ ಮಾರಿ ನೋಡು. ಇದು ಹಿಟ್ಟು. ಹಿಟ್ಟು ನಾದತೀನಿ. ರೊಟ್ಟಿ ಬಡಿತೀನಿ. ರೊಟ್ಟಿ ಬಿಸಿ ಐತಿ.' ಒಂದು ರೊಟ್ಟಿಗೆ ಹತ್ತು ಮಾತು. ಹೆಂಚಿನ ಮ್ಯಾಲಿಂದು ಹೊತ್ತಿ ಕರಕಲಾಗತೈತಿ, ಇಕಿ ಮಾತು ಮುಗಿಯಂಗಿಲ್ಲ. ಬಾಜು ಮನಿ ಖಾಸಿಂಬಿ ಗ್ವಾಡಿಮ್ಯಾಲಿಂದ ಹಣಿಕಿ ಹಾಕಿ ಕೇಳತಾಳ, 'ರೇವವ್ವಾ, ನಿಮ್ಮ ಸೊಸಿಗೆ ಗಾಳಿ ಬಡದೈತೇನ?' ನಾ ಏನ್ ಹೇಳ್ಲಿ? ನವಲಗುಂದದಿಂದ ಹಲೀಮಾಬಿ ಅಕ್ಕಾರು ಬರತಾರ, ಕಿವುಡಿ ಮುಂದ ಹರಟಿ ಹೊಡೀರಿ ಅಂತ ಹೇಳಿ ಬಸ್ ಹತ್ತತಾರ, ಇಕಿನೂ ಅವರ ಮಾತು ಕೇಳತಾಳ ಅಂದೆ.

ನಾ ಆರು ಹಡದೀನ್ರಿ. ಒಂದಕ್ಕೂ 'ಇದು ನೀರು' ಅಂತ ಹೇಳಿಕೊಟ್ಟಿಲ್ಲ. ನೀರಡಿಸಿದ್ರ ತಾವ ಕೇಳಿದುವು.

...ಹಾಂ, ಹಾಂ, ಅವಕ್ಕ ಕಿವಿ ಇದ್ದುವು. ಗೊತ್ತೈತಿ ನಿಮ್ಮ ವಾದ. ಮೊದಲಿನ ಮೂರು ವರ್ಷ ಕಿವಿಗೆ ಮಾತು ಬೀಳಲಿಲ್ಲಂದ್ರ ಆಮ್ಯಾಲೆ ಭಾಳ ಕಷ್ಟ, ಹದ ತಪ್ಪಿದ ಬಿತ್ತಿಗಿ ಇದ್ದಂಗ. ಹೋದ ಸಲ ನೀವ ಹೇಳಿದ್ದು. ಅವತ್ತಿಂದ ನೀಲಕ್ಕ ಸರಿಯಾಗಿ ಊಟಾನ ಮಾಡಿಲ್ಲ. ಬಿತ್ತಿಗಿ ಬಗ್ಗೆ ನಿಮಗೇನ್ರಿ ಗೊತ್ತು? ಎರಿ ಹೊಲದಾಗ ಒಮ್ಮೆರ ಕೂರಿಗಿ ಹಿಡದೀರೇನು? ಅಗದಿ ಶ್ಯಾಣ್ಯಾರ ಗತೆ ಹೇಳತೀರಿ.

ಇರಲಿ, ಬರಕೋರಿ. ಹುಟ್ಟಿದ್ದು ನವಲಗುಂದದಾಗ ರೈತರ ಗಲಾಟಿ ಆದ ವರ್ಷ, ಶ್ರಾವಣದಾಗ. ನಾಕು ತುಂಬಿದುವು. ಮನಿತನದಾಗ ಮತ್ತ ಯಾರಿಗರ ಕಿವುಡು? ನಮ್ಮ ಕಡೆ ಇಲ್ಲ. ನೀಲಕ್ಕನ ತವರವರು ಕುಬಿಹಾಳದವರು, ಅವರದೆಲ್ಲಾ ತಡಾನ. ಮಾತೂ ತಡಾ, ಬುದ್ಧೀನೂ ತಡಾ. ಮುಂದಿಂದು ಓದ್ರಿ.

ಕೂಸಿಗೆ ಕೇಳಂಗಿಲ್ಲಂತ ಯಾವಾಗ ಗೊತ್ತಾತು? ಹೋದ ವರ್ಷ. ನೀವು ಹಿಂದ ನಿಂತು ಡೋಲಕ ಬಡದ್ರಲ್ಲ, ಆವಾಗ. ಅಲ್ರಿ, ಅದೊಂದು ಪರೀಕ್ಷೇನ್ರಿ? ಅದನ್ನ ಕಲಿಯಾಕ ಮೈಸೂರ ತನಕ ಹೋಗಿ ಎರಡು ವರ್ಷ ಕುಂತು ಬಂದ್ರಿ? ನನ್ನ ಕೇಳಿದ್ರ ನಾನ ಹೇಳತಿದ್ದೆ. ತೊಟ್ಟಿಲ ಹಿಂದ ನಿಂತು ಕಂಚಿನ ಗಂಗಾಳಕ್ಕ ಒಂದ ಪೆಟ್ಟು. ಕೂಸು ಬೆಚ್ಚಿದ್ರ ಕಿವಿ ಅದಾವು, ಇಲ್ಲಾಂದ್ರ ಇಲ್ಲ. ಹೆಬ್ಬಟ್ಟು ಒತ್ತೂ ಮುದುಕಿ ನಾ, ಐದು ತಿಂಗಳ ಕೂಸಿದ್ದಾಗನ ನೋಡಿ...

ಯಾಕ್ರಿ, ಬರಿಯೂದು ನಿಲ್ಲಿಸಿದ್ರಿ?

ಅಲ್ಲ, ಕೂಸುಗಳದು ಹಂಗ ಇರತೈತಿ ಅಂತ ಹೇಳಿದೆ. ಇಕಿಗಂತ ಅಲ್ಲ. ಹೋದ ವರ್ಷ ಅಂತ ಬರಕೋರಿ. ಚಹಾ ಆರಾಕತ್ತೈತಿ, ಕುಡೀರಿ. ...ಹಂಗ ನೋಡಬ್ಯಾಡ್ರಿ ನನ್ನ.

ಅಕ್ಕಾರ. ಹಲೀಮಾಬಿ.

ಹೆಸರಿಡೂ ದಿನ ನನ್ನ ಮಗಳು ಕಿವಿಯಾಗ 'ಕುರ್ರ್' ಅಂದ್ಲು. ನಿಮ್ಮಾಗ ಹೆಂಗೋ ನನಗ ಗೊತ್ತಿಲ್ಲ. ನಮ್ಮಾಗ ಸೋದರತ್ತಿ ಕೂಸಿನ ಕಿವಿಯಾಗ ಜೋರಲೆ ಕುರ್ರ್ ಅಂತ ಊದಿ ಹೆಸರು ಕೂಗಬೇಕು, ಉಳದ ಹೆಣ್ಣಮಕ್ಕಳು ಅಕಿ ಬೆನ್ನಿಗೆ ಗುದ್ದಬೇಕು. ಯಾವ ಕೂಸಾದ್ರೂ ಚಿಟ್ಟನ ಚೀರತೈತಿ. ಇದು ನಿದ್ದಿಗಣ್ಣಾಗ ಹಂಗ ಮಲಗಿತ್ತು. ಧೈರ್ಯದ ಕೂಸು ಅಂತ ಎಲ್ಲಾರೂ ನಕ್ಕು ಸಕ್ಕರಿ ತಿಂದ್ರು. ನಾ ಮಾತ್ರ ಸಕ್ಕರಿ ಬಾಯಿಗೆ ಹಾಕೊಳ್ಳಲಿಲ್ಲ. ಮುಂದ ಕೂಸಿಗೆ ಐದು ತಿಂಗಳಾದಾಗ, ಮನ್ಯಾಗ ಯಾರೂ ಇಲ್ಲದ್ದ ನೋಡಿ, ಗಂಗಾಳ ಬಡದೆ. ಮೂರ ಸಲ. ಹಿತ್ತಲದಾಗಿನ ಎಮ್ಮಿ ಬೆದರಿ ಹಗ್ಗ ಹರಕೊಂತು. ಕೂಸು ಕಣ್ಣ ಸುದ್ದಾ ಹೊಳ್ಳಸಲಿಲ್ಲ.

ಆಗ ಮಗಳ ಲಗ್ನದ ಮಾತುಕತಿ ಅಣ್ಣಿಗೇರಿಯಾಗ ನಡದಿತ್ತು. ಮೂಕ ಕೂಸು ಹುಟ್ಟಿದ ಮನಿ ಅಂದ್ರ ಹೆಣ್ಣು ಯಾರ ತರತಾರ? ಲಗ್ನ ಆಗಲಿ, ಹೇಳಿದ್ರಾತು ಅಂದೆ. ಆತು. ಅಕಿ ಬಾಣಂತನ ಆಗಲಿ ಅಂದೆ. ಅದೂ ಆತು. ಆಮ್ಯಾಲೆ ಯಾವ ಬಾಯಲೆ ಹೇಳೂದ್ರಿ? ನೀಲಕ್ಕ ಕೂಸಿಗೆ ಮಾತು ಬರಲೆಂತ ಹರಕಿ ಹೊತ್ತು ನಮ್ಮ ಶಲವಡಿಯಿಂದ ಯಮನೂರಿಗೆ ಐದು ಅಮಾಸಿ ನಡಕೋಂತ ಹೋಗಿ ಬಂದ್ಲು. ಐದೂ ಸಲ ಬುತ್ತಿ ಕಟ್ಟಿ ಕಳಿಸಿದಾಕಿ ನಾನ.

ಅಕ್ಕಾರ, ಬೈಯೂದಿದ್ರ ಬೈರಿ, ಪೆನ್ನ ಯಾಕ ಮುಚ್ಚತೀರಿ?

ನೀಲಕ್ಕ ನನ್ನ ಕೇಳಲಿಲ್ಲಂತ ತಿಳದೀರೇನು? ಕೇಳಿದ್ಲು. ಕೂಸು ವರ್ಷದ್ದಿತ್ತು. 'ಅತ್ತಿ, ಎಷ್ಟು ಕರದ್ರೂ ಹೊಳ್ಳಿ ನೋಡವಲ್ದಲ್ಲ, ಯಾಕಿರಬೇಕು?' ಅಂದ್ಲು. ನಾ ಜ್ವಾಳ ಹಸನ ಮಾಡಾಕತ್ತಿದ್ದೆ. ತಲಿ ಎತ್ತಲಿಲ್ಲ. ನಿನ್ನ ದನಿ ಭಾಳ ಮೆತ್ತಗ ಐತಿ, ಕೂಸಿಗೆ ಮುಟ್ಟಂಗಿಲ್ಲ ಅಂದೆ. ಖರೇ ಅಂತ ನಂಬಿದ್ಲು. ಅವತ್ತಿಂದ ಒದರಾಕ ಹತ್ತಿದ್ಲು ನೋಡ್ರಿ, ಮುಂಜಾನೆದ್ದು ಮಲಗೂತನಕ, ಎರಡು ವರ್ಷ. ಮೊದಲ ಸಲ ಬಂದಾಗ ನೀವು ನನ್ನ ಕೇಳಿದ್ರಿ, ನಿಮ್ಮ ಸೊಸಿ ಗಂಟಲು ಯಾಕ ಹಿಂಗ ಒಡದೈತಿ ಅಂತ.