ಕೋಲು ಮೇಜಿನ ಮೇಲಿದೆ

ಪಾದ್ರಿಗಳಿಗೆ, ಕಂಬಗಳ ಬಳಿ ಚಾಪೆಯ ಮೇಲೆ ಕೂತಿರುವ ಮತಾಯಿಗಳಿಗೆ — ಒಂದೊಂದು ಮನೆತನದ ಪಟ್ಟ ಹೊತ್ತ ಹಿರಿಯರಿಗೆ — ಲುಪೆಸಿನಾ ಟೀಚರ್ ಅವರ ಯಜಮಾನರಾದ ಪೌಲೊ ಅವರಿಗೆ, ಮಗಳು ಸಲಾಳಿಗೆ, ಊರಿನ ತಾಯಂದಿರಿಗೆ, ಮತ್ತು ಗೋಡೆಗೆ ಅಂಟಿಕೊಂಡು ಇಷ್ಟು ಹೊತ್ತು ಪಿಟಕ್ಕೆನ್ನದೆ ಕೂತಿರುವ ನಮ್ಮ ಶಾಲೆಯ ಮಕ್ಕಳಿಗೆ — ಎಲ್ಲರಿಗೂ ನಮಸ್ಕಾರ.

ತುಲೋ. ಹಿರಿಯರು ಕೂತಿರುವಾಗ ನಾನು ನಿಂತಿದ್ದೇನೆ. ತಪ್ಪು ಅಂತ ನನಗೂ ಗೊತ್ತು, ನಮ್ಮಮ್ಮ ನನಗೂ ಕಿವಿ ಹಿಂಡಿಯೇ ಕಲಿಸಿದ್ದಾರೆ. ತಲೆ ಬಾಗಿಸಿ ತುಲೋ ಹೇಳಿದ್ದೇನೆ, ಕ್ಷಮೆ ಕೇಳಿದ್ದೇನೆ. ಆದರೆ ಕೂರುವುದಿಲ್ಲ. ಯಾಕೆ ಅನ್ನುವುದು ಮಾತು ಮುಗಿಯುವ ಹೊತ್ತಿಗೆ ತಿಳಿಯುತ್ತದೆ.

ನನಗೆ ಭಾಷಣ ಬರುವುದಿಲ್ಲ, ಲೆಕ್ಕ ಬರುತ್ತದೆ. "ದಿವಂಗತ ಲುಪೆಸಿನಾ ಅವರು" ಅಂತ ಶುರು ಮಾಡಬೇಕೆಂದು ಮನೆಯಲ್ಲಿ ಹೇಳಿ ಹೇಳಿ ನೋಡಿದೆ. ನಾಲಿಗೆ ತೊಡರುತ್ತದೆ. ಇಪ್ಪತ್ತು ವರ್ಷ ಒಂದೇ ಕೋಣೆಯಲ್ಲಿ ಕೂತು, ಒಂದೇ ಲೋಟದಲ್ಲಿ ಕೋಕೋ ಕುಡಿದವಳು ನನಗೆ ಅವಳೇ. ಅವರು, ಇವರು ಅಂದರೆ ಮೇಲಿನಿಂದಲೇ ಬೈತಾಳೆ — "ಏನೇ ಫುವಾತಿನೊ, ಸತ್ತ ಮೇಲೆ ಮರ್ಯಾದೆ ಜಾಸ್ತಿ ಆಯ್ತಲ್ಲೇ ನಿಂದು!" ಹಾಗಾಗಿ ಅವಳು ಅಂತಲೇ ಹೇಳುತ್ತೇನೆ. ಪೌಲೊ, ನೀವು ಬೇಸರ ಮಾಡಿಕೊಳ್ಳಬಾರದು.

ಇನ್ನೊಂದು ಮಾತು. ನನಗೆ ದುಃಖವಾಗಿದೆ, ನಿಜ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿದೆ. ಹೋದ ವಾರ ಅವಳನ್ನು ಮಣ್ಣು ಮಾಡಿದೆವು. ಮನೆ ಮುಂದಿನ ಆ ಗೋರಿಯ ಸಿಮೆಂಟು ಒಣಗಿರಲಿಲ್ಲ, ಶಾಲಾ ಸಮಿತಿಯ ಮಾತು ಬಂತು. ಸಮಿತಿಯ ಅಧ್ಯಕ್ಷರು, ನಮ್ಮ ಹಿರಿಯ ಮತಾಯಿ ಮುಲಿವಾಯಿಯವರು, ಅಂಗಳದಲ್ಲೇ ಹೇಳಿದರು — ಟೀಚರ್ ನಡೆಸುತ್ತಿದ್ದ ಮಕ್ಕಳ ಸಂಸತ್ತು ಟೀಚರ್ ಜೊತೆಗೇ ಮುಗಿಯಿತು, ಸೋಮವಾರದಿಂದ ಆ ಪೀರಿಯಡ್ಡಿನಲ್ಲಿ ಮಕ್ಕಳು ತೋಟದ ಕೆಲಸ ಕಲಿಯುತ್ತಾರೆ, ಸಮಿತಿ ಇದನ್ನು ಒಮ್ಮತದಿಂದ ತೀರ್ಮಾನಿಸಿದೆ ಅಂತ. ಒಮ್ಮತದಿಂದ! ಈ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಈ ಮಕ್ಕಳ ಸಂಸತ್ತು ಹೇಗೆ ಶುರುವಾಯಿತು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಒಂದು ವರ್ಷ ಅವಳು ಮಕ್ಕಳನ್ನು ದೋಣಿ ಹತ್ತಿಸಿ ರಾಜಧಾನಿ ಅಪಿಯಾಕ್ಕೆ ಕರೆದುಕೊಂಡು ಹೋಗಿ ನಿಜವಾದ ಸಂಸತ್ತು ತೋರಿಸಿದಳು. ವಾಪಸು ಬಂದ ಮೇಲೆ ಕೇಳಿದಳು, "ಏನ್ ನೋಡಿದ್ರಿ ಮಕ್ಕಳೇ?"

"ಒಳಗೆ ಏಸಿ, ತುಂಬಾ ಚಳಿ ಇತ್ತು ಟೀಚರ್."

"ಮತ್ತೆ?"

"ಒಬ್ರು ನಿದ್ದೆ ಮಾಡ್ತಿದ್ರು ಟೀಚರ್."

ಅಷ್ಟೇ! ದೋಣಿ ಪ್ರಯಾಣ, ವಾಂತಿ, ಬಿಸಿಲು, ಎಲ್ಲ ಆಗಿ ಇಷ್ಟೇ ಕಲಿತು ಬಂದಿದ್ದರು. "ನೋಡಿದ್ರೆ ಬರಲ್ಲ ಕಣೇ, ಆಡಿಸ್ಬೇಕು," ಅಂದಳು ನನಗೆ. ಮರುವಾರ ನಾವೀಗ ಸೇರಿರುವ ಶಾಲೆಯ ಇದೇ ಕೋಣೆಯಲ್ಲಿ ಬೆಂಚುಗಳನ್ನು ಎದುರುಬದುರು ಹಾಕಿಸಿದಳು. ಈ ಕಡೆ ಸರ್ಕಾರ, ಆ ಕಡೆ ವಿರೋಧ ಪಕ್ಷ. ತಲೆ ಎಣಿಸುವುದಕ್ಕೆ ಲೆಕ್ಕದ ಟೀಚರು, ಅಂದರೆ ನಾನು.

ಮೊದಲನೇ ಮಸೂದೆ — ಪ್ರತಿ ಶುಕ್ರವಾರ ಶಾಲೆಗೆ ರಜ, ಎಲ್ಲರೂ ಮೀನು ಹಿಡಿಯೋಕೆ ಹೋಗಬೇಕು. ಪ್ರಧಾನಮಂತ್ರಿ ಎದ್ದು ಓದಿದ. ವಿರೋಧ ಪಕ್ಷದ ನಾಯಕ ತಾವಿತಾ. ಇದೋ, ಇಲ್ಲೇ ಕೂತಿದ್ದಾನೆ, ಈಗ ದೋಣಿ ನಡೆಸುತ್ತಾನೆ. ನಗಬೇಡ ತಾವಿತಾ, ನಿನ್ನ ಕಥೆಯೇ ಇದು. "ಹೇಳಪ್ಪ, ಏನು ವಿರೋಧ?" ಅಂತ ಕೇಳಿದಳು. ಅವನು ತಲೆ ತಗ್ಗಿಸಿಕೊಂಡು, "ಪ್ರಧಾನಮಂತ್ರಿಗಳು ಹೇಳಿದ್ದು ಸರಿಯಾಗಿದೆ ಟೀಚರ್. ನಾವೂ ಅದನ್ನೇ ಹೇಳೋಣ ಅಂತಿದ್ವಿ," ಅಂದ. ಅಂದವನು ಸುಮ್ಮನಿರಲಿಲ್ಲ, ಎದ್ದು ಹೋಗಿ ಸರ್ಕಾರದ ಬೆಂಚಿನಲ್ಲಿ ಕೂತ. ಅವನ ಹಿಂದೆ ಇಡೀ ವಿರೋಧ ಪಕ್ಷ! ಪ್ರಧಾನಮಂತ್ರಿ ಅವನ ದೊಡ್ಡಪ್ಪನ ಮಗ. ದೊಡ್ಡಪ್ಪ ಅವರ ಮನೆತನದ ಮತಾಯಿ. ಎದುರು ಮಾತಾಡಿ ಸಂಜೆ ಮನೆಗೆ ಹೋಗುವುದು ಹೇಗೆ? ನಮ್ಮ ಊರಿನ ಸಭೆಯಲ್ಲಿ ಹಿರಿಯರು ಮಾತು ಮುಗಿಸಿದ ಮೇಲೆ ನಾವೆಲ್ಲ "ಹೌದು" ಅನ್ನುತ್ತೇವಲ್ಲ, ಹಾಗೇ ಮಾಡಿದ್ದವು ಮಕ್ಕಳು.

ನಾನಾಗಿದ್ದರೆ ಬೈಯುತ್ತಿದ್ದೆ. ಅವಳು ಏನು ಮಾಡಿದಳು ಗೊತ್ತೇ? ಖಾಲಿಯಾದ ಆ ಬೆಂಚಿಗೆ ಹೋಗಿ ಒಬ್ಬಳೇ ಕೂತಳು. ಅವಳ ಗಾತ್ರ ನಿಮಗೆ ಗೊತ್ತು, ಆ ಬೆಂಚು — ನೋಡಿ, ಅದೇ, ಇಷ್ಟೇ ಇಷ್ಟು. ಹೇಗೋ ತೂರಿಕೊಂಡು ಕೂತು, ಎದ್ದು, ಸೊಂಟಕ್ಕೆ ಕೈಯಿಟ್ಟು ಶುರು ಮಾಡಿದಳು. "ಶುಕ್ರವಾರ ಎಲ್ಲರೂ ಮೀನು ಹಿಡಿದ್ರೆ ಮೀನು ಸುಡೋರು ಯಾರು? ಸೌದೆ ತರೋರು ಯಾರು? ಹುಡುಗೀರಾ? ಮಸೂದೇಲಿ ಹಂಗೆ ಬರ್ದಿಲ್ವಲ್ಲ! ಹುಡುಗೀರೂ ಮೀನಿಗೆ ಹೋಗ್ತಾರೋ ಇಲ್ವೋ, ಪ್ರಧಾನಮಂತ್ರಿಗಳು ಬಾಯ್ ಬಿಡ್ಬೇಕು!" ಹುಡುಗಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಮೆಲ್ಲನೆ ಎದ್ದು ಅವಳ ಬೆಂಚಿಗೆ ಬಂದಳು. ಇನ್ನೊಬ್ಬಳು ಬಂದಳು. ಹಾಗೆ ಹುಟ್ಟಿತು ನಮ್ಮೂರಿನ ವಿರೋಧ ಪಕ್ಷ.

ಆಮೇಲಿನ ಕಷ್ಟ ಎದ್ದು ನಿಲ್ಲುವುದರದ್ದು. ಮಾತಾಡುವವರು ನಿಲ್ಲಬೇಕು, ಮತ ಹಾಕುವವರು ನಿಲ್ಲಬೇಕು. ನಿಂತವರನ್ನು ನಾನು ಎಣಿಸುತ್ತೇನೆ. ಸುಲಭ ಅಲ್ಲವೇ? ಆದರೆ ಕಿಟಕಿಯ ಹೊರಗೆ ಯಾರದೋ ಅಜ್ಜ ಬುಟ್ಟಿ ಹೊತ್ತುಕೊಂಡು ಹೋದರೆ ಸಾಕು, ಮಾತಾಡುತ್ತಿದ್ದ ಮಂತ್ರಿ ದಬಕ್ಕನೆ ನೆಲಕ್ಕೆ! ಮತ ಎಣಿಸುವಾಗ ಪಾದ್ರಿಗಳು ಬಾಗಿಲಿಗೆ ಬಂದರು ಅಂದರೆ ಇಡೀ ಸಭೆ "ತುಲೋ ತುಲೋ" ಅಂತ ಕೂತುಬಿಡುತ್ತಿತ್ತು. ನನ್ನ ಲೆಕ್ಕ ಸೊನ್ನೆ. ಪಾದ್ರಿಗಳೇ, ನಗುತ್ತಿದ್ದೀರಿ, ಎರಡು ಮಸೂದೆಗಳು ನಿಮ್ಮಿಂದಲೇ ಸತ್ತುಹೋದವು.

ಆಗ ಅವಳು ಮನೆಯಿಂದ ಇದನ್ನು ತಂದಳು. ತೆಂಗಿನಕಾಯಿ ಸುಲಿಯುವ ಕೋಲು. ಅವಳ ಅಪ್ಪನ ಕೈಯಲ್ಲಿ ಸವೆದದ್ದು. ಹೀಗೆ ಎತ್ತಿ ಹಿಡಿದು ಹೇಳಿದಳು — "ಈ ಕೋಲು ಮೇಜಿನ ಮೇಲಿರೋ ತನಕ ಇದು ಸಂಸತ್ತು. ಇಲ್ಲಿ ದೊಡ್ಡೋರು ಅಂದ್ರೆ ಕೋಲೊಂದೇ. ಅಜ್ಜ ಬರ್ಲಿ, ಪಾದ್ರಿ ಬರ್ಲಿ, ತುಲೋ ಅನ್ನಿ, ತಲೆ ಬಾಗ್ಸಿ, ಆದ್ರೆ ಕೂತ್ಕೋಬೇಡಿ. ಮಾತು ಮುಗಿಸಿ. ಕೋಲು ಕೆಳಗಿಳಿದ ಮೇಲೆ ಮತ್ತೆ ನೀವು ಒಳ್ಳೆ ಮೊಮ್ಮಕ್ಕಳು." ಹಿರಿಯರಿಗೆ ಅಗೌರವ ಕಲಿಸಿದಳು ಅಂತ ಅವಳ ಮೇಲೆ ದೂರು ಹೇಳುವವರು ಇದನ್ನು ಕೇಳಿಸಿಕೊಳ್ಳಬೇಕು. ತುಲೋ ಅನ್ನುವುದನ್ನು ಅವಳು ಯಾವತ್ತೂ ಬಿಡಿಸಲಿಲ್ಲ.

ಈಗ ಈ ವರ್ಷದ ಸಂಗತಿಗೆ ಬರುತ್ತೇನೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಾನು ಬಿಡುತ್ತೇನೆ.

ಊರಿನವರೆಲ್ಲ ಸೇರಿ ಶಾಲೆಗೆಂದು ತರಿಸಿದ ನೀರಿನ ಟ್ಯಾಂಕು ಸಮಿತಿಯ ಅತಿಥಿಮನೆಯ ಪಕ್ಕದಲ್ಲಿ ನಿಂತಿದೆ. ಸ್ವಲ್ಪ ದಿನದ ಮಟ್ಟಿಗೆ ಅಂತ ಇಟ್ಟದ್ದು. ಮಕ್ಕಳು ಹೊಳೆಯಿಂದ ಬಾಟಲಿಯಲ್ಲಿ ನೀರು ತರುತ್ತಾರೆ. ಸ್ವಾತಂತ್ರ್ಯ ದಿನದ ಮುಂಚಿನ ವಾರ ಸಮಿತಿಯವರು ಮಕ್ಕಳ ಸಂಸತ್ತು ನೋಡಲು ಬಂದು ಇಲ್ಲೇ, ಇದೇ ಚಾಪೆಗಳ ಮೇಲೆ ಕೂತಿದ್ದರು. ಅವತ್ತಿನ ಮಸೂದೆ — ಟ್ಯಾಂಕನ್ನು ಶಾಲೆಗೆ ತರಬೇಕು. ಮಂಡಿಸಿದವಳು ಮಾಸಿನಾ, ಹನ್ನೊಂದು ವರ್ಷದ ಹುಡುಗಿ, ಮುಲಿವಾಯಿಯವರ ಮೊಮ್ಮಗಳು.

ಅಜ್ಜನಿಗೆ ತಡೆಯಲಿಲ್ಲ. ಕೂತಲ್ಲಿಂದಲೇ, "ಅತಿಥಿಗಳು ಬಂದ್ರೆ ನೀರು ಬೇಡ್ವೇನಮ್ಮಾ? ಮಕ್ಕಳಿಗೆ ಹೊಳೆ ಇದೆ. ಸಾಕು, ಕೂತ್ಕೋ," ಅಂದರು.

ಅವಳು ಅರ್ಧ ಬಗ್ಗಿದಳು. ಇನ್ನೇನು ಕೂತೇಬಿಟ್ಟಳು ಅಂದುಕೊಂಡೆ. ಟೀಚರ್ ಕಡೆ ನೋಡಿದಳು. ಟೀಚರ್ ಕೋಲಿನ ಕಡೆ ಕಣ್ಣು ತೋರಿಸಿದಳು, ಅಷ್ಟೇ. ಮಾಸಿನಾ ಮತ್ತೆ ನೆಟ್ಟಗಾದಳು.

"ತುಲೋ ಅಜ್ಜ. ಕೋಲು ಮೇಜಿನ ಮೇಲಿದೆ. ನನ್ನ ಮಾತು ಮುಗಿದಿಲ್ಲ. ಹೊಳೆ ನೀರು ಕುಡಿದು ತಮ್ಮಂಗೆ ಹೊಟ್ಟೆ ಕೆಟ್ಟಾಗ ಅವನನ್ನ ಹೆಗಲ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದು ನೀವೇ ಅಲ್ವಾ ಅಜ್ಜ?"

ಮತಕ್ಕೆ ಹಾಕಿದರು. ಈ ಬೆಂಚು, ಆ ಬೆಂಚು, ಎಲ್ಲ ಮಕ್ಕಳೂ ನಿಂತರು. ನಾನು ಎಣಿಸಿದೆ. ಮಸೂದೆ ಪಾಸಾಯಿತು. ಸಮಿತಿ ಎದ್ದು ಹೋಯಿತು. ಟ್ಯಾಂಕು ಇವತ್ತಿಗೂ ಅಲ್ಲೇ ಇದೆ.

ಆಮೇಲೆ, ಮಕ್ಕಳಿಗೆ ಎದುರುತ್ತರ ಕಲಿಸಿದಳು ಅಂತ ಊರಿನ ಸಭೆ ಲುಪೆಸಿನಾಗೆ ದಂಡ ಹಾಕಿತು — ಒಂದು ದೊಡ್ಡ ಹಂದಿ. ಅವಳು ಕದ್ದುಮುಚ್ಚಿ ಕಟ್ಟಲಿಲ್ಲ. ಮಟಮಟ ಮಧ್ಯಾಹ್ನ, ಚರ್ಚಿಗೆ ಹೋಗುವ ಬಿಳಿ ಬಟ್ಟೆ ಉಟ್ಟು, ಹಂದಿಗೆ ಹಗ್ಗ ಕಟ್ಟಿ, ನಡುರಸ್ತೆಯಲ್ಲಿ ನಡೆಸಿಕೊಂಡು ಬಂದು ಒಪ್ಪಿಸಿದಳು. ಆ ಹಂದಿಯನ್ನು ತಿಂದವರು ಇಲ್ಲೂ ಕೆಲವರಿದ್ದೀರಿ. ಚೆನ್ನಾಗಿತ್ತು ಅಂತ ಕೇಳಿದೆ. ಅವಳೇ ಕೈಯಾರೆ ತೆಂಗಿನಕಾಯಿ ತಿನ್ನಿಸಿ ಬೆಳೆಸಿದ್ದಳು.

ಮರುದಿನ ನೋಡುತ್ತೇನೆ, ಕೋಲು ಮತ್ತೆ ಮೇಜಿನ ಮೇಲೆ! "ಏನೇ ಇದು, ಮತ್ತೆ ಶುರು ಮಾಡ್ದೆ?" ಅಂದೆ.

"ದಂಡ ಕಟ್ಟಿದ ಮೇಲೆ ಹಳೇ ತಪ್ಪು ಚುಕ್ತಾ ಆಯ್ತು ತಾನೆ? ಈಗ ಹೊಸಾ ತಪ್ಪು ಮಾಡೋಣ."

"ಇನ್ನೊಂದು ಹಂದಿ ಎಲ್ಲಿದೆಯೇ ನಿನ್ ಹತ್ರ?"

"ನಿಂದಿದೆಯಲ್ಲ," ಅಂದಳು.

ಹೀಗಿದ್ದಳು ಅವಳು. ಎದೆ ನೋವು ಅಂತ ಮಲಗಿದವಳು ಏಳಲೇ ಇಲ್ಲ. ಇಷ್ಟು ಬೇಗ ಹೋಗಬಾರದಿತ್ತು. ನನಗೆ ಹೇಳದೆ ಹೋಗಬಾರದಿತ್ತು. —

ಇರಿ. ನೀರು ಬೇಡ ಸಲಾ, ಸರಿಹೋಯಿತು.

ಮಣ್ಣು ಮಾಡುವ ದಿನ ಯಾರೋ ಹೇಳಿದರು, ಆ ಕೋಲನ್ನೂ ಪೆಟ್ಟಿಗೆಯಲ್ಲಿ ಇಟ್ಟುಬಿಡಿ, ಅವಳಿಗೆ ಪ್ರೀತಿಯದು ಅಂತ. ಪೌಲೊ, ನೀವು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಅವ್ಳಿಗೆ ಅಲ್ಲಿ ಸುಲಿಯೋಕೆ ಕಾಯಿ ಇದೆಯೋ ಇಲ್ವೋ. ಇಲ್ಲಿ ಕೆಲಸ ಬಾಕಿ ಇದೆ. ಕೊಡಿ ಈ ಕಡೆ," ಅಂದಿರಿ. ಇವತ್ತು ಬೆಳಿಗ್ಗೆ ಅದನ್ನು ತಂದು ನನ್ನ ಕೈಗೆ ಕೊಟ್ಟಿದ್ದೀರಿ.

ಇಗೋ. ಕೋಲು ಮೇಜಿನ ಮೇಲಿಟ್ಟಿದ್ದೇನೆ.

ಈಗ ಆ ಮಾತಿಗೆ ಬರುತ್ತೇನೆ — ಒಮ್ಮತ. ಸಮಿತಿಯಲ್ಲಿರುವ ಒಬ್ಬೊಬ್ಬ ಮತಾಯಿಯವರನ್ನೂ ನಾನು ಕೇಳಿದೆ. "ನೀವು ಒಪ್ಪಿದ್ರಾ?" "ನಾನೇನೂ ಹೇಳ್ಲಿಲ್ಲಮ್ಮ, ಸುಮ್ನಿದ್ದೆ." "ನೀವು?" "ಎಲ್ರೂ ಸುಮ್ನಿದ್ರು, ನಾನೂ ಸುಮ್ನಿದ್ದೆ." ಇದು ಒಮ್ಮತವೇ? ನಮ್ಮ ತಾವಿತಾ ಬೆಂಚು ಬಿಟ್ಟು ಎದ್ದುಹೋದನಲ್ಲ, ಅದೇ ಇದು. ಅವನಿಗಾದರೂ ಆಗ ಹತ್ತು ವರ್ಷ.

ಸತ್ತವರ ಗೌರವಕ್ಕೆ ಎಲ್ಲರೂ ಎದ್ದು ನಿಂತು ಮೌನವಾಗಿರಿ ಅಂತ ಕೇಳುವುದು ನನ್ನ ಕೆಲಸ. ಕೇಳುತ್ತೇನೆ. ಆದರೆ ಮೋಸ ಮಾಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಈ ಕೋಣೆಯಲ್ಲಿ ಕೋಲು ಮೇಜಿನ ಮೇಲಿದ್ದಾಗ ನಿಲ್ಲುವುದು ಮತ ಹಾಕುವುದು. ಮಕ್ಕಳ ಸಂಸತ್ತು ಮುಂದುವರಿಯಬೇಕು ಅನ್ನುವವರು ನಿಲ್ಲಿ. ಬೇಡ ಅನ್ನುವವರು ಕೂತಿರಿ, ಕೂತೇ ಅವಳಿಗಾಗಿ ಪ್ರಾರ್ಥನೆ ಮಾಡಿ, ನಾನು ತಪ್ಪು ತಿಳಿಯುವುದಿಲ್ಲ. ಪಕ್ಕದವರ ಮುಖ ನೋಡಿ ನಿಲ್ಲಬೇಡಿ. ಪಕ್ಕದವರ ಮುಖ ನೋಡಿ ಕೂರಬೇಡಿ. ನಾನು ಎಣಿಸುತ್ತೇನೆ.

ಮುಲಿವಾಯಿಯವರೇ, ತುಲೋ. ಇದಕ್ಕೂ ದಂಡ ಇದೆ ಅಂತ ನನಗೆ ಗೊತ್ತು. ನನ್ನ ಹಂದಿ ಹಿತ್ತಲಲ್ಲಿದೆ, ಚೆನ್ನಾಗಿ ಕೊಬ್ಬಿದೆ. ನಾಳೆಯೇ ತರುತ್ತೇನೆ.

ಈಗ, ದಯವಿಟ್ಟು —

ಮಾಸಿನಾ! ನಾನಿನ್ನೂ ಹೇಳಿಯೇ ಇಲ್ಲ, ಆಗಲೇ ನಿಂತುಬಿಟ್ಟೆಯಾ! ಇರಲಿ. ಕೂರಬೇಡ, ಹಾಗೇ ಇರು. ತಾವಿತಾ, ಸರಿ. ಪೌಲೊ. ತಾಯಂದಿರೆಲ್ಲ. ಪಾದ್ರಿಗಳೂ. ಮತಾಯಿಗಳೇ, ನಿಧಾನ, ಒಬ್ಬರಿಗೊಬ್ಬರು ಕೈ ಕೊಡಿ, ಮಂಡಿ ನೋವಿದ್ದವರಿಗೆ ಮಕ್ಕಳು ಹೆಗಲು ಕೊಡಲಿ. ಬಾಗಿಲಾಚೆ ನಿಂತವರೇ, ನೀವು ಮೊದಲಿಂದಲೇ ನಿಂತಿದ್ದೀರಿ, ನಿಮ್ಮನ್ನು ಎಣಿಸುವುದಿಲ್ಲ, ಕೈ ಎತ್ತಿ. ಹಾಂ.

ಇಲ್ಲ, ಇಲ್ಲ — ಯಾರೂ ಅವರನ್ನು ಎಬ್ಬಿಸಬೇಡಿ. ಬಿಡಿ ಅವರ ಕೈ. ಮುಲಿವಾಯಿಯವರು ಕೂತಿರಲಿ. ಅವರದೂ ಒಂದು ಮತ. ಊರೆಲ್ಲ ಎದ್ದು ನಿಂತಾಗ ಒಬ್ಬರೇ ಕೂತಿರುವುದಕ್ಕೆ ಗಟ್ಟಿ ಎದೆ ಬೇಕು. ಅವಳೂ ಹೀಗೇ ಒಬ್ಬಳೇ ಕೂತಿದ್ದಳು.

ಎಣಿಸಿ ಆಯಿತು. ಒಮ್ಮತ ಇಲ್ಲ. ಸೋಮವಾರ ಸಂಸತ್ತು ಸೇರುತ್ತದೆ, ಮೊದಲನೇ ವಿಷಯ ನೀರಿನ ಟ್ಯಾಂಕು. ಅಧ್ಯಕ್ಷರೇ, ನೀವು ಬರಬೇಕು. ವಿರೋಧ ಪಕ್ಷದ ಆ ಬೆಂಚನ್ನು ನಿಮಗೆಂದೇ ಖಾಲಿ ಇಡುತ್ತೇವೆ. ಚಿಕ್ಕದು, ನಿಜ. ಆದರೆ ಅದರಲ್ಲಿ ಲುಪೆಸಿನಾ ಹೇಗೋ ಕೂತಳು, ನೀವೂ ಕೂರುತ್ತೀರಿ. ನಿಂತು ಮಾತಾಡಿ. ನಿಮ್ಮ ಮಾತು ಮುಗಿಯುವವರೆಗೆ ನಿಮ್ಮ ಮೊಮ್ಮಗಳು ಬಾಯಿ ಹಾಕುವುದಿಲ್ಲ, ಅಷ್ಟನ್ನು ಅವಳ ಟೀಚರ್ ಕಲಿಸಿ ಹೋಗಿದ್ದಾಳೆ.

ಈಗ ಮೌನ. ನಿಂತವರು ನಿಂತಿರಿ. ನಾನು ಕೋಲು ಕೆಳಗಿಳಿಸುವವರೆಗೆ ಯಾರೂ ಕೂರಬೇಡಿ.