ಹಿಮ್ಮೇಳದ ಪಾಳಿ

ಗದಗಿನ ಬಸ್ ನಿಲ್ದಾಣದಲ್ಲಿ ಶಿರಹಟ್ಟಿ ಬಸ್ಸಿಗೆ ಕಾಯುತ್ತಿದ್ದ ಪದ್ಮಾಬಾಯಿಯ ಕಿವಿ ಪಕ್ಕದ ಬೆಂಚಿನತ್ತ ಹೊರಳಿತು. ಅಲ್ಲೊಬ್ಬ ಮುದುಕ ಪುಟ್ಟ ರೆಕಾರ್ಡರನ್ನು ಬೊಗಸೆಯಲ್ಲಿ ಹಿಡಿದು, ಅದನ್ನು ಕೊಟ್ಟಿದ್ದ ಶಾಲೆಯ ಮಾಸ್ತರರ ಪಕ್ಕ ಕೂತಿದ್ದ.

"ನನ್ನ ನೆನಪು ಹೋತ್ರಿ, ಮಾಸ್ತರ."

"ಯಾಕ ಲಾಡಸಾಬಣ್ಣ, ಏನಾತು?"

"ಮೊಹರಮ್ಮಿನ ಪದಾ ಪೂರಾ ಹಾಡಿ ಇದರಾಗ ತುಂಬಿಸಿದೆ. ಹಚ್ಚಿ ಕೇಳಿದ್ರ ಅರ್ಧಾ ಹೊತ್ತಿನಾಗ ಮುಗೀತು. ಎಷ್ಟು ನುಡಿ ಮರತೇನೋ ಏನೋ. ಈ ಸಲ ಹಬ್ಬಕ್ಕ ಬ್ಯಾರೆ ಯಾರರೆ ಹಾಡ್ಲಿ."

ಮಾಸ್ತರರು ಅದನ್ನು ಕಿವಿಗೆ ಹಿಡಿದು ಕೊನೆತನಕ ಕೇಳಿದರು.

"ಒಂದು ನುಡೀನೂ ಬಿಟ್ಟಿಲ್ಲ ನೀ. ನಡುನಡುವ ಸುಮ್ಮನ ಕುಂತಿದ್ದೇನು?"

"ಹಿಮ್ಮೇಳದವರ ಪಾಳಿ ಬಂದಾಗ ಸುಮ್ಮನ ಕುಂಡ್ರಬೇಕಲ್ರಿ."

"ಮನ್ಯಾಗ ಒಬ್ಬನ ಹಾಡಿದ್ಯಲ್ಲ?"

"ಒಬ್ಬನ ಇದ್ರೂ ಅವರ ಪಾಳಿ ಅವರದ ಅಲ್ಲೇನ್ರಿ."

"ತಪ್ಪು ನಂದು. ದನಿ ಕೇಳಿದಾಗಷ್ಟ ತುಂಬಿಕೊಳ್ಳೂವಂಗ ಇಟ್ಟು ಕೊಟ್ಟಿದ್ದೆ. ನೀ ಸುಮ್ಮನಾದಾಗೆಲ್ಲ ಇದೂ ನಿಂತೈತಿ."

"ಹಂಗಾರ ನಾ ಮರತಿಲ್ಲ."

"ಇಲ್ಲೋ ಮಾರಾಯಾ."

ಮುದುಕ ಉಸಿರು ಬಿಟ್ಟ. ಸಂಬಂಧವಿಲ್ಲದಿದ್ದರೂ ಪದ್ಮಾಬಾಯಿಗೆ ತನ್ನ ಎದೆಯೂ ಹಗುರಾದಂತಾಯಿತು.

"ಅದನ್ನ ಸರಿ ಮಾಡ್ರಿ. ಇನ್ನೊಮ್ಮೆ ಹಾಡ್ತೇನಿ. ಅವರ ಪಾಳೀನೂ ಇರಲಿ."

ಅಷ್ಟರಲ್ಲಿ ಯಳವತ್ತಿ ಬಸ್ಸು ಬಂತು. ಮುದುಕ ಒಂದು ಸಾಲು ಗುನುಗುತ್ತ ಹೋಗಿ, ಬಾಗಿಲಿನ ಸರಳು ಹಿಡಿದು, ಗಪ್ಪನೆ ನಿಂತುಬಿಟ್ಟ. ಹಿಂದೆ ಮಂದಿ ಒತ್ತತೊಡಗಿದರು.

"ಹತ್ತೋ ಲಾಡಸಾಬಣ್ಣ."

"ತಡೀರಿ ಮಾಸ್ತರ, ಅವರದಿನ್ನೂ ಮುಗದಿಲ್ಲ."